ಆರು ಮನೆಗೆ ಒಂದೇ ತಂತಿ

ಹಾಡಲು ಅವಕಾಶ ಕೇಳಿದ್ದಕ್ಕೆ, ಮನೆಯಲ್ಲಿ ಫೋನಿದೆಯೇ ಎಂದು ರೇಡಿಯೊದವರು ಪತ್ರ ಬರೆದು ವಿಚಾರಿಸಿದಾಗ, ಇದೆ ಎಂದು ಉತ್ತರಿಸಿದ್ದೇ ಡೆಲ್ಮರ್ ಪ್ರೂಯಿಟ್ ಮಾಡಿದ ತಪ್ಪು. ಬುಧವಾರ ಬೆಳಗ್ಗೆ ಹತ್ತಕ್ಕೆ ಕರೆ ಮಾಡುತ್ತೇವೆ, ಗಿಟಾರ್ ನುಡಿಸಿ ಒಂದು ಹಾಡು ಹಾಡಿ, ಹಿಡಿಸಿದರೆ ಶನಿವಾರದ ಕಾರ್ಯಕ್ರಮ ನಿಮ್ಮದೇ ಎಂದು ಮರು ಪತ್ರ ಬಂತು. ಹಿಡಿಸದಿದ್ದರೆ ಅವನಿಗೆ ಸಾಯುವ ತನಕ ಮರ ಕೊಯ್ಯುವ ಮಿಲ್ಲೇ ಗತಿ.

ಫೋನೇನೋ ಇತ್ತು. ಆದರೆ ಟೆನೆಸಿಯ ಆ ಕಣಿವೆಯಲ್ಲಿ ಆರು ಮನೆಗೆ ಒಂದೇ ತಂತಿ. ಎರಡು ಉದ್ದ, ಒಂದು ಗಿಡ್ಡ ಗಂಟೆಯಾದರೆ ಡೆಲ್ಮರನಿಗೆ. ಎತ್ತುವವರು ಮಾತ್ರ ಆರೂ ಮನೆಯವರು. ಒಬ್ಬೊಬ್ಬರು ಎತ್ತಿದಂತೆಲ್ಲ ದನಿ ಕುಗ್ಗಿ ಸೊಳ್ಳೆಯ ಗುಂಯ್‌ಗುಡುವಿಕೆಯಷ್ಟಾಗುತ್ತಿತ್ತು.

ಬುಧವಾರ ಬೆಳಗಾಗುತ್ತಲೇ ಅವನು ಮನೆಮನೆಗೆ ಓಡಿದ. "ಹತ್ತು ಗಂಟೆಗೆ ಯಾರೂ ಫೋನ್ ಎತ್ತಬೇಡಿ, ದಮ್ಮಯ್ಯ!"

"ಯಾಕಪ್ಪಾ? ಯಾರ್ ಮಾಡ್ತಾರೆ?" ಎಂದರು ಎಲ್ಲರೂ. ಹೇಳದೆ ವಿಧಿಯಿರಲಿಲ್ಲ.

ಕೊನೆಯದು ಓವಾ ಚಿಕ್ಕಮ್ಮನ ಮನೆ. ಅರವತ್ತು ದಾಟಿದ ಆ ವಿಧವೆ ಬೀನ್ಸಿನ ನಾರು ತೆಗೆಯುವುದೂ ಫೋನು ಕಿವಿಗಿಟ್ಟುಕೊಂಡೇ.

"ನಂಗ್ಯಾಕೋ ನಿನ್ ಉಸಾಬರಿ? ಯಾವ್ ಹಾಡು?"

"ದೋಣಿಯವನ ಹೆಂಡ್ತಿದು. ನಮ್ಮಜ್ಜಿ ಹೇಳ್ಕೊಟ್ಟಿದ್ದು."

"ನಿಮ್ಮಜ್ಜಿಗೆ ಅದು ಪೂರ್ತಿ ಎಲ್ಲಿ ಬರ್ತಿತ್ತು!"

ಹತ್ತಕ್ಕೆ ಫೋನಿನ ಗಂಟೆ ಬಡಿಯಿತು. ಎರಡೂ ಕೈ ಗಿಟಾರಿಗೆ ಬೇಕಲ್ಲ, ಡೆಲ್ಮರ್ ಫೋನನ್ನು ಟವೆಲಿನಿಂದ ಕಿವಿಗೆ ಕಟ್ಟಿಕೊಂಡು, ಹಲ್ಲುನೋವಿನವನ ಹಾಗೆ, ಗೋಡೆಯಲ್ಲಿದ್ದ ಮಾತಿನ ಕೊಳವೆಗೆ ಮುಖ ಮಾಡಿ ನಿಂತ. ಅಷ್ಟರಲ್ಲಿ ಟಕ್, ಟಕ್, ಟಕ್... ಎಣಿಸಿದ. ಐದೂ ಮನೆ ಎತ್ತಿಯಾಗಿತ್ತು.

"ಜೋರಾಗಿ ಹಾಡ್ರೀ, ಏನೂ ಕೇಳಿಸ್ತಿಲ್ಲ!" ಎಂದರು ರೇಡಿಯೊದವರು. ಡೆಲ್ಮರ್ ಗಂಟಲು ಹರಿಯುವಂತೆ ಅರಚಿದ. ಎರಡನೇ ನುಡಿ ಮುಗಿಯುವ ಮೊದಲೇ ಇನ್ನೊಂದು ದನಿ ಅಡ್ಡ ಬಂತು.

"ಲೇ, ತಪ್ಪು! ಅವ್ಳು ಇಲ್ಲಿ ಸಾಯಲ್ಲ ಕಣೋ!"

"ಚಿಕ್ಕಮ್ಮಾ, ನಿಮ್ ಕಾಲಿಗೆ ಬೀಳ್ತೀನಿ, ಫೋನ್ ಇಡಿ!"

"ಸಾಯೋದು ನಾಲ್ಕನೇ ನುಡೀಲಿ. ಕೇಳ್ ಇಲ್ಲಿ," ಎಂದು ಓವಾ ಹಾಡತೊಡಗಿದಳು. ಗುಡ್ಡದಾಚೆಯ ಹಸುಗಳನ್ನು ಕರೆದು ಪಳಗಿದ ದನಿ; ಆರಲ್ಲ, ಅರವತ್ತು ಮನೆ ಎತ್ತಿದ್ದರೂ ಅದು ಕುಗ್ಗುತ್ತಿರಲಿಲ್ಲ. ಡೆಲ್ಮರನ ಬೆರಳುಗಳು ತಮ್ಮಷ್ಟಕ್ಕೆ ಗಿಟಾರ್ ಮೇಲೆ ಓಡಿದವು. ನಾಲ್ಕನೇ ನುಡಿಗೆ ಅವನ ಕಣ್ಣಲ್ಲಿ ನೀರು ಬಂತು, ಅರ್ಧ ಆ ಹೆಂಡತಿಗಾಗಿ, ಅರ್ಧ ತನಗಾಗಿ.

"ಯಾರ್ರೀ ಹಾಡಿದ್ದು?" ಎಂದರು ರೇಡಿಯೊದವರು.

"ಓವಾ!" ಎಂದು ಉಳಿದ ನಾಲ್ಕೂ ಮನೆಯವರು ಒಟ್ಟಿಗೆ ಕೂಗಿದರು.

"ಶನಿವಾರ ಅವ್ರೇ ಬರ್ಲಿ."

"ಸ್ವಾಮೀ, ನಾನು?" ಎಂದ ಡೆಲ್ಮರ್.

ಉತ್ತರ ಕೊಟ್ಟವಳು ಓವಾ. "ನೀನೂ ಬಾರೋ. ಗಿಟಾರ್ ನಂಗೆ ಬರಲ್ಲ. ಬಾಯ್ ಮಾತ್ರ ಬಿಡ್ಬೇಡ."

ಶನಿವಾರ ರೇಡಿಯೊದಲ್ಲಿ ಡೆಲ್ಮರನ ಗಿಟಾರಿಗೆ ಓವಾ ಹಾಡುವಷ್ಟು ಹೊತ್ತು ಕಣಿವೆಯಲ್ಲಿ ಒಬ್ಬರೂ ಫೋನ್ ಮುಟ್ಟಲಿಲ್ಲವಂತೆ. ಸೋಮವಾರ ಡೆಲ್ಮರ್ ಎಂದಿನಂತೆ ಮಿಲ್ಲಿಗೆ ಹೋದ.