ತೆರೆಯದ ಗ್ರೈಂಡರಿನ ವಿಮರ್ಶೆ

ಎರಡು ಸಾವಿರದ ಐದನೆಯ ಇಸವಿಯಲ್ಲಿ ಉಡುಪಿ ಜಿಲ್ಲೆಯೊಳಗೆ ಒಂದು ಗ್ರೈಂಡರ್ ಕಡೆಯುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವ ಅಧಿಕಾರ ಬನ್ನಂಜೆಯ ಅನಂತೇಶರಲ್ಲಿತ್ತು. ಈ ಬಗ್ಗೆ ಸರಕಾರಿ ಆದೇಶವೇನೂ ಹೊರಟಿರಲಿಲ್ಲ. ಆದರೂ ಯಾರೂ ಆಕ್ಷೇಪ ಸಲ್ಲಿಸಿರಲಿಲ್ಲ.

ಅನಂತೇಶರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಬಿಡುವಿನಲ್ಲಿ ಅಂತರ್ಜಾಲದಲ್ಲಿ 'ಕಡೆದು ನೋಡಿದ್ದು' ಎಂಬ ಪುಟ ನಡೆಸುತ್ತಿದ್ದರು. ನೆರೆಮನೆಯಿಂದಲೋ ಪರಿಚಯದ ಅಂಗಡಿಯಿಂದಲೋ ಗ್ರೈಂಡರನ್ನು ಎರವಲು ತಂದು, ನೆನೆಸಿದ ಅಕ್ಕಿ, ಉದ್ದು ಹಾಕಿ ಕಡೆದು, ಆ ಹಿಟ್ಟಿನಿಂದ ಹೆಂಡತಿ ಪ್ರಿಯಂವದಾ ಹುಯ್ದ ದೋಸೆ ತಿಂದು, ಐದರಲ್ಲಿ ಇಷ್ಟು ದೋಸೆ ಎಂದು ಅಂಕ ಕೊಡುತ್ತಿದ್ದರು. ಆ ದಿನಗಳಲ್ಲಿ ಬಹಳ ಕಂಪ್ಯೂಟರುಗಳಲ್ಲಿ ಕನ್ನಡದ ಅಕ್ಷರ ಮೂಡುತ್ತಿರಲಿಲ್ಲ, ಸಾಲು ಸಾಲು ಚೌಕಗಳಷ್ಟೇ ಕಾಣುತ್ತಿದ್ದವು. ಚೌಕಗಳನ್ನು ಕಂಡವರು, ಇಷ್ಟೆಲ್ಲ ಬರೆದಿದ್ದಾರೆಂದರೆ ವಿಷಯ ಉಂಟು ಎಂದು ಇನ್ನೂ ಹೆಚ್ಚು ನಂಬುತ್ತಿದ್ದರು. ಉಡುಪಿಯ ಅಂಗಡಿಗಳಲ್ಲಿ ಗಿರಾಕಿಗಳು ಬೆಲೆ ಕೇಳುವ ಮೊದಲು, ಮಾಷ್ಟ್ರು ಎಂತ ಬರೆದಿದ್ದಾರೆ ಎಂದು ಕೇಳುವ ಪದ್ಧತಿ ಬಂತು.

ಸುಚಕ್ರ ಎಂಬ ಗ್ರೈಂಡರ್ ಕಂಪೆನಿಗೆ ಕಾರ್ಕಳದಲ್ಲಿ ಕಾರ್ಖಾನೆಯೂ ಮಣಿಪಾಲದಲ್ಲಿ ಕಚೇರಿಯೂ ಇದ್ದವು. ಅದರ ಒಂದು ಮಾದರಿಯ ಬಗ್ಗೆ ಅನಂತೇಶರು, "ಇದು ಉದ್ದನ್ನು ಕಡೆಯುವುದಿಲ್ಲ, ಉದ್ದಿಗೆ ಊರು ತೋರಿಸುತ್ತದೆ" ಎಂದು ಬರೆದು ಒಂದು ದೋಸೆ ಕೊಟ್ಟಿದ್ದರು. ಅವರ ಮನಸ್ಸಿನಲ್ಲಿದ್ದುದು ಅರ್ಧ. ಪ್ರಿಯಂವದಾ ಹೇಳಿದ್ದಕ್ಕೆ ಒಂದಕ್ಕೆ ಏರಿಸಿದ್ದು. ಆ ವಾರವೇ ಕಂಪೆನಿಯ ಪ್ರಚಾರಾಧಿಕಾರಿ ಸುಂದರ ಮನೆಗೆ ಬಂದರು. ಜಗಳವಾದೀತೆಂದು ಅನಂತೇಶರು ಕನ್ನಡಕ ತೆಗೆದಿಟ್ಟು ಹೊರಗೆ ಬಂದರು. ಸುಂದರ ಮಾತ್ರ ಕೈಮುಗಿದು, ಇಂಥ ನಿಷ್ಠುರರನ್ನು ಕಂಪೆನಿ ಬಹಳ ಕಾಲದಿಂದ ಹುಡುಕುತ್ತಿತ್ತು ಎಂದರು. ತಾನು ಒಂದು ರೂಪಾಯಿಯನ್ನೂ ಮುಟ್ಟುವವನಲ್ಲ, ಕಂಪೆನಿಯ ಕ್ಯಾಲೆಂಡರೂ ಬೇಡ ಎಂದು ಅನಂತೇಶರು ತಿಳಿಸಿದರು. ಕಂಪೆನಿ ಸ್ವಂತ ನೌಕರರಿಗೇ ಸರಿಯಾಗಿ ಹಣ ಕೊಡುವುದಿಲ್ಲ, ಆ ಭಯ ಬೇಡ ಎಂದು ಸುಂದರ ಸಮಾಧಾನ ಹೇಳಿದರು.

"ಹೊಸ ಮಾದರಿ ಅಂಗಡಿಗೆ ಬರುವ ಮೊದಲು ನಿಮ್ಮ ಮನೆಗೆ ಬರುತ್ತದೆ ಸರ್. ಅಷ್ಟೆ. ನೀವು ಏನು ಬೇಕಾದರೂ ಬರೆಯಿರಿ."

ಹಾಗೆ, ಲೋಕದಲ್ಲಿ ಇನ್ನೂ ಇಲ್ಲದ ಒಂದು ಗ್ರೈಂಡರ್ ಬನ್ನಂಜೆಯ ಅಡುಗೆಮನೆಗೆ ಬಂತು. ನೆರೆಯವರು ಅದನ್ನು ನೋಡಲು ಕಾಲು ತೊಳೆದು ಒಳಗೆ ಬಂದರು. ಕಾಲೇಜಿನ ಪ್ರಿನ್ಸಿಪಾಲರೂ ಬಂದು, ಮುಟ್ಟಬಹುದೇ ಎಂದು ಕೇಳಿದರು. ಅನಂತೇಶರ ಜೀವನದಲ್ಲಿ ಬಸ್ಸಿನ ಸೀಟಾಗಲಿ, ಬಡ್ತಿಯಾಗಲಿ, ಮದುವೆ ಊಟದ ಪಂಕ್ತಿಯಾಗಲಿ, ಯಾವುದೂ ಮೊದಲು ಸಿಕ್ಕಿದ್ದಿಲ್ಲ. ಮೊದಲಿಗನಾಗುವುದಕ್ಕೆ ಇಂಥದೊಂದು ರುಚಿ ಉಂಟೆಂದು ಅವರಿಗೆ ಅಂದು ತಿಳಿಯಿತು. ಆದರೂ ಅವರು ಕಂಡದ್ದನ್ನೇ ಬರೆದು ಮೂರು ದೋಸೆ ಕೊಟ್ಟರು.

ಮುಂದಿನ ಮಾದರಿ ಬರಲಿಲ್ಲ. ಅದು ಅಂಗಡಿಯಲ್ಲಿ ಮಾರಾಟವಾಗಿ ಹಳತಾದ ಮೇಲೆ, ನಿಮ್ಮ ಯಂತ್ರ ದಾರಿ ತಪ್ಪಿ ಹೆಬ್ರಿಗೆ ಹೋಗಿದೆ, ಬಂದು ಒಯ್ಯಬಹುದು ಎಂಬ ಸಂದೇಶ ಬಂತು. ಅಷ್ಟರಲ್ಲಿ ಮಣಿಪಾಲದ ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ, ಮೆಸ್ಸಿನಲ್ಲಿ ಉಣ್ಣುವವನು, ಅದೇ ಗ್ರೈಂಡರಿನ ವಿಮರ್ಶೆ ಪ್ರಕಟಿಸಿ ಐದು ದೋಸೆ ಕೊಟ್ಟಿದ್ದ. ಓದುಗರೆಲ್ಲ ಅತ್ತ ಹೋದರು. ಅನಂತೇಶರು ಫೋನು ಮಾಡಿದಾಗ ಸುಂದರ ಬಹಳ ವಿನಯದಿಂದ, ಕಂಪೆನಿಗೆ ಯಾರ ಮೇಲೂ ಬೇಸರವಿಲ್ಲ, ಯಂತ್ರಗಳು ಪ್ರೀತಿ ಇದ್ದ ಕಡೆಗೆ ತಾವಾಗಿ ಹೋಗುತ್ತವೆ ಎಂದರು.

ಇದಾದ ಮೇಲೆ ಅನಂತೇಶರ ಭಾಷೆ ಪ್ರೌಢವಾಯಿತು. ಕಡೆಯದ ಗ್ರೈಂಡರ್ "ಕಡೆಯುವ ವಿಷಯದಲ್ಲಿ ಸಂಯಮ ತೋರುತ್ತದೆ" ಎಂದಾಯಿತು. ವಿಪರೀತ ಸದ್ದು ಮಾಡುವುದು "ತನ್ನ ಇರವನ್ನು ಮನೆಮಂದಿಗೆ ಮರೆಯಗೊಡುವುದಿಲ್ಲ." ಮುಟ್ಟಿದರೆ ಶಾಕ್ ಹೊಡೆಯುವುದು "ಬಳಕೆದಾರರೊಡನೆ ನೇರ ಸಂಪರ್ಕ ಇಟ್ಟುಕೊಂಡಿದೆ." ಯಂತ್ರಗಳು ಮತ್ತೆ ಮೊದಲೇ ಬರತೊಡಗಿದವು. ಪ್ರಿಯಂವದಾ ಅವುಗಳನ್ನು ಗೋಡೆಬದಿ ಸಾಲಾಗಿ ಇರಿಸಿ, ಹಿತ್ತಿಲ ಬದಿಯ ಹಳೆಯ ಕಲ್ಲಿನಲ್ಲಿ ಕಡೆಯಲು ಶುರುಮಾಡಿದರು.

ಕಲ್ಯಾಣಪುರದ ಸೆಲೀನ್ ಬಾಯಿ ಮದುವೆಮನೆಗಳಿಗೆ ಸಾನ್ನ ಮಾಡಿ ಕೊಟ್ಟು ಬದುಕುವ ವಿಧವೆ. ಸಾನ್ನವೆಂದರೆ ಹಬೆಯಲ್ಲಿ ಬೇಯಿಸಿದ ಮೆತ್ತಗಿನ ಅಕ್ಕಿ ತಿಂಡಿ. ಹಿಟ್ಟು ನುಣ್ಣಗಾಗದಿದ್ದರೆ ಅದು ಉಬ್ಬುವುದಿಲ್ಲ. ಕಲ್ಲು ತಿರುಗಿಸಿ ತೋಳು ಸೋತಾಗ ಅವರು ಅನಂತೇಶರ ವಿಮರ್ಶೆ ಓದಿಸಿ ಕೇಳಿ 'ಸುಚಕ್ರ ವಿಜಯ' ಕೊಂಡರು. ಅದಕ್ಕೆ ನಾಲ್ಕೂವರೆ ದೋಸೆ ಸಿಕ್ಕಿತ್ತು. ದೊಡ್ಡ ಮದುವೆಯೊಂದರ ದಿನ ಬೆಳಗ್ಗಿನಿಂದ ಯಂತ್ರ ತಿರುಗಿತು. ಮುಚ್ಚಳ ತೆಗೆದಾಗ ಅಕ್ಕಿ ಅಕ್ಕಿಯಾಗಿಯೇ ಇತ್ತು, ಸ್ವಲ್ಪ ಆಯಾಸಗೊಂಡ ಹಾಗೆ ಕಾಣುತ್ತಿತ್ತು. ಅತಿಥಿಗಳಿಗೆ ಮಾಂಸದ ಸಾರಿನ ಜೊತೆ ಬೇಕರಿಯ ಬನ್ನು ಬಡಿಸಲಾಯಿತು. ಅವರು ಮಾತಾಡದೆ ತಿಂದರು. ಆ ಮೌನ ಕಲ್ಯಾಣಪುರದ ಎಲ್ಲ ಮನೆಗಳಿಗೂ ತಲುಪಿ, ಸೆಲೀನ್ ಬಾಯಿಗೆ ಸಿಕ್ಕಿದ್ದ ಮುಂದಿನ ಮದುವೆಗಳೂ ಕೈತಪ್ಪಿದವು.

ಅವರು ಗ್ರೈಂಡರನ್ನು ರಿಕ್ಷಾದಲ್ಲಿ ಹಾಕಿಕೊಂಡು ಬನ್ನಂಜೆಗೆ ಬಂದರು. ಸಿಟ್ಟು ಮಾಡಲಿಲ್ಲ. ನಡೆದುದನ್ನು ಹೇಳಿ, ವಿಮರ್ಶೆಯಲ್ಲಿ ಇದ್ದುದು ಎಂತ ಎಂದು ವಿಚಾರಿಸಿದರು. ಗಮನವಿಟ್ಟು ಓದಿದರೆ ಅದರಲ್ಲಿ ಎಲ್ಲವೂ ಉಂಟು, ಈ ಯಂತ್ರ "ಅಕ್ಕಿಯ ಮೂಲಸ್ವರೂಪವನ್ನು ಗೌರವಿಸುತ್ತದೆ" ಎಂದು ತಾನು ಸ್ಪಷ್ಟವಾಗಿ ಬರೆದಿದ್ದೇನೆ ಎಂದು ಅನಂತೇಶರು ವಿವರಿಸಿದರು.

"ಅದು ಹೊಗಳಿಕೆ ಅಂತ ನನಗೆ ಕಂಡಿತು ಮಾಷ್ಟ್ರೇ."

"ಹಾಗೆ ಕಾಣಲಿ ಅಂತಲೇ ಬರೆದದ್ದು" ಎಂದರು ಅನಂತೇಶರು. ಅವರು ಸುಳ್ಳು ಹೇಳುವವರಲ್ಲ.

ಅಷ್ಟರಲ್ಲಿ ಪ್ರಿಯಂವದಾ ಹಿತ್ತಿಲಿನಿಂದ ಬಂದರು. ಮೊಣಕೈವರೆಗೆ ಉದ್ದಿನ ಹಿಟ್ಟು ಮೆತ್ತಿತ್ತು. ಸೆಲೀನ್ ಬಾಯಿ ಆ ಕೈಯನ್ನು ನೋಡಿದರು, ಗೋಡೆಬದಿಯ ಗ್ರೈಂಡರುಗಳ ಸಾಲನ್ನು ನೋಡಿದರು. ಅನಂತೇಶರಿಗೆ ನಾಚಿಕೆ ಎಂಬುದು ಬಂತು. ಬಹಳ ಕಾಲದಿಂದ ಬಾರದೆ ಇದ್ದುದರಿಂದ ಅವರು ಅದನ್ನು ಮೊದಲು ಹೊಟ್ಟೆಯ ತೊಂದರೆ ಎಂದುಕೊಂಡರು. ಸತ್ಯವನ್ನು ಬರೆದೇಬಿಡುವುದೆಂದು ಕಂಪ್ಯೂಟರಿನ ಮುಂದೆ ಕುಳಿತರು. ಆದರೆ ಕಾಪುವಿನ ಕಡಲತೀರದಲ್ಲಿ ಹೊಸ ಮಾದರಿಯ ಪ್ರಥಮ ದರ್ಶನಕ್ಕೆ ಆಹ್ವಾನ ಅದೇ ವಾರ ಬಂದಿತ್ತು. ಬಹಳ ಯೋಚಿಸಿ ಅವರು, ಬಾಯಿಯೇ ಹೇಳಲಿ, ತಾನು ಕೈಯಷ್ಟೇ ಕೊಡುತ್ತೇನೆ ಎಂದು ನಿರ್ಧರಿಸಿದರು. ಸೆಲೀನ್ ಬಾಯಿ ಹೇಳಿದ್ದು ಇಷ್ಟೇ: "ಈ ಮಿಷನ್ ಕಡೆಯುವುದಿಲ್ಲ. ನನ್ನ ಕೆಲಸ ಹೋಯಿತು." ಅದರ ಕೆಳಗೆ ಅನಂತೇಶರು, ಈ ಅಭಿಪ್ರಾಯ ಬರೆಸಿದವರದು, ಟೈಪು ಮಾಡಿದ ಬೆರಳುಗಳದ್ದಲ್ಲ ಎಂದು ಸೇರಿಸಿದರು.

ಆ ಎರಡು ವಾಕ್ಯಗಳನ್ನು ಜಿಲ್ಲೆಯೆಲ್ಲ ಓದಿತು. ಕಂಪೆನಿ ವಕೀಲರನ್ನು ಕಳಿಸೀತೆಂದು ಅನಂತೇಶರು ಹೆದರಿ ಕೂತಿದ್ದರೆ, ಸುಂದರ ಸಿಹಿತಿಂಡಿ ಹಿಡಿದು, ಸೆಲೀನ್ ಬಾಯಿಯನ್ನೂ ಕರೆದುಕೊಂಡು ಬಂದರು. ಬರೇ ಹೊಗಳಿಕೆಯನ್ನು ಜನ ನಂಬುವುದು ಕಡಿಮೆಯಾಗಿತ್ತು, ಒಂದು ತೆಗಳಿಕೆಗಾಗಿ ಕಂಪೆನಿ ಕಾತರದಿಂದಿತ್ತು ಎಂದು ತಿಳಿಸಿ, ಪ್ರಕಟಣೆಯೊಂದನ್ನು ಓದಿದರು:

"ಕಲ್ಯಾಣಪುರದ ಶ್ರೀಮತಿ ಸೆಲೀನ್ ಅವರನ್ನು ಕಂಪೆನಿಯ ಅಧಿಕೃತ ಅತೃಪ್ತ ವಿಮರ್ಶಕಿಯನ್ನಾಗಿ ನೇಮಿಸಲಾಗಿದೆ. ಅವರು ವಯರಿನ ಉದ್ದ, ಮುಚ್ಚಳದ ಬಣ್ಣ ಹಾಗೂ ಪೆಟ್ಟಿಗೆಯ ವಾಸನೆಯ ಬಗ್ಗೆ ಮುಕ್ತವಾಗಿ ಅತೃಪ್ತರಾಗಬಹುದು. ಕಡೆಯುವ ಬಗ್ಗೆ ಅತೃಪ್ತಿ ಉಂಟಾದಲ್ಲಿ ಮುಂಚಿತವಾಗಿ ಕಚೇರಿಯನ್ನು ಸಂಪರ್ಕಿಸತಕ್ಕದ್ದು."

ಕೆಟ್ಟ ಯಂತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಸೆಲೀನ್ ಬಾಯಿ ಕೇಳಿದರು. ಅದಕ್ಕೆ ನಿಯಮವಿಲ್ಲ, ಆದರೆ ಮುಂದಿನ ಯಂತ್ರಗಳು ಮೊದಲೇ ಸಿಗುತ್ತವೆ ಎಂದರು ಸುಂದರ. ಬಾಯಿ ಒಪ್ಪಿದರು. ಬಂದ ಯಂತ್ರವನ್ನು ಪೆಟ್ಟಿಗೆ ಬಿಚ್ಚದೆಯೇ ಮಾರಿದರು, ಒಳ್ಳೆಯ ಬೆಲೆ ಬಂತು. ಆ ಹಣದಲ್ಲಿ ದೊಡ್ಡದೊಂದು ಕಡೆಯುವ ಕಲ್ಲು ತಂದು, ತಿರುಗಿಸಲು ನೆರೆಯ ಕುಶಲಾ ಎಂಬವರನ್ನು ಸಂಬಳಕ್ಕೆ ಇಟ್ಟುಕೊಂಡರು. ಸಾನ್ನ ಮೊದಲಿಗಿಂತ ಚೆನ್ನಾಗಿ ಉಬ್ಬಿತು, ಕೈತಪ್ಪಿದ ಮದುವೆಗಳು ಹಿಂದಿರುಗಿದವು.

ಕಾಪುವಿನ ಸಮಾರಂಭದಲ್ಲಿ ವಿಮರ್ಶಕರಿಗೆಲ್ಲ ದೀಪಸ್ತಂಭ ಕಾಣುವ ಕೋಣೆ, ಎಳನೀರು, ಬಂಗುಡೆ ಮೀನು, ಬಂಗುಡೆ ತಿನ್ನದವರಿಗೆ ಮತ್ತೊಂದು ಎಳನೀರು ಒದಗಿಸಲಾಗಿತ್ತು. ಹಾಸ್ಟೆಲಿನ ವಿದ್ಯಾರ್ಥಿಯೂ ಬಂದಿದ್ದ. ಅವನನ್ನು ಅನಂತೇಶರಿಗಿಂತ ಮುಂದಿನ ಸಾಲಿನಲ್ಲಿ ಕೂರಿಸಿದ್ದರಿಂದ ಅವರಿಗೆ ಎಳನೀರು ಇಳಿಯಲಿಲ್ಲ. ಅತೃಪ್ತ ವಿಮರ್ಶಕಿ ಎರಡು ಮಾತಾಡಬೇಕು ಎಂದು ಕೇಳಿಕೊಳ್ಳಲಾಯಿತು. ಸೆಲೀನ್ ಬಾಯಿ ಎದ್ದು ನಿಂತು, ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು.

"ತೆರೆಯದೆ ಇಟ್ಟರೆ ಇದಕ್ಕೆ ಎಂತ ದೋಷವೂ ಇಲ್ಲ" ಎಂದರು, ಕುಳಿತರು.

ವ್ಯವಸ್ಥಾಪಕ ನಿರ್ದೇಶಕರು ಆ ಮಾತನ್ನು ಮತ್ತೊಮ್ಮೆ ಹೇಳಿಸಿದರು, ಮೂರನೆಯ ಸಲ ತಾವೇ ಹೇಳಿಕೊಂಡರು. ಕಾರ್ಖಾನೆಯ ಇತಿಹಾಸದಲ್ಲಿ ಇಷ್ಟು ಉಪಯುಕ್ತವಾದ ವಿಮರ್ಶೆ ಬಂದಿರಲಿಲ್ಲವೆಂದು ವಂದನಾರ್ಪಣೆಯಲ್ಲಿ ನಮೂದಿಸಲಾಯಿತು.

ಮಳೆಗಾಲ ಮುಗಿಯುವುದರೊಳಗೆ 'ಸುಚಕ್ರ ಸಂಪೂರ್ಣ' ಮಾರುಕಟ್ಟೆಗೆ ಬಂತು. ಪೆಟ್ಟಿಗೆಗೆ ನಾಲ್ಕೂ ಬದಿಯಲ್ಲಿ ಮುದ್ರೆ. ಮುದ್ರೆ ಒಡೆಯದಿದ್ದರೆ ಆಜೀವ ಗ್ಯಾರಂಟಿ. ಒಡೆದರೆ, ಆದದ್ದಕ್ಕೆಲ್ಲ ಒಡೆದವರೇ ಹೊಣೆ. ಅನಂತೇಶರಿಗೆ ಎಲ್ಲರಿಗಿಂತ ಮೊದಲು, ವಿದ್ಯಾರ್ಥಿಗಿಂತಲೂ ಮೊದಲು ಒಂದು ಪೆಟ್ಟಿಗೆ ತಲುಪಿತು. ಅವರು ಅದರ ಸುತ್ತ ನಡೆದರು, ಕಿವಿಗೊಟ್ಟು ಆಲಿಸಿದರು, ಒಂದು ಇಡೀ ಭಾನುವಾರ ಪಕ್ಕದಲ್ಲಿ ಕುಳಿತರು. ಸದ್ದಿಲ್ಲ, ಶಾಕ್ ಇಲ್ಲ, ಕರೆಂಟು ತಿನ್ನುವುದಿಲ್ಲ. ಹಿಟ್ಟು ಹೇಗಾಯಿತು ಎಂದು ಪ್ರಿಯಂವದಾ ಕೇಳಿದ್ದಕ್ಕೆ, ಆ ಪ್ರಶ್ನೆ ಈ ಮಾದರಿಗೆ ಅನ್ವಯಿಸುವುದಿಲ್ಲ ಎಂದರು. ಐದು ದೋಸೆ ಕೊಟ್ಟರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲವಾದ್ದರಿಂದ ಬಹಳ ದಿನಗಳ ಮೇಲೆ ಅವರಿಗೆ ಸುಖವಾಗಿ ನಿದ್ದೆ ಬಂತು.

ಜನರೂ ಮೆಚ್ಚಿದರು. ಹಿಂದಿನ ಮಾದರಿಗಳ ಬಗ್ಗೆ ದೂರು ಕೇಳಿ ಕೇಳಿ ಸೋತಿದ್ದ ಅಂಗಡಿಯವರು ಇದರಿಂದ ಉಲ್ಲಸಿತರಾದರು. ಪೆಟ್ಟಿಗೆಗಳು ಚಾವಡಿಯಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತವು. ಮದುವೆಗೆ, ಗೃಹಪ್ರವೇಶಕ್ಕೆ, ನಿವೃತ್ತಿಗೆ ಅವನ್ನೇ ಉಡುಗೊರೆ ಕೊಡುವ ರೂಢಿಯಾಯಿತು. ಒಂದು ಪೆಟ್ಟಿಗೆ ಮಣಿಪಾಲದಿಂದ ಹೊರಟು ಕಾರ್ಕಳ, ಹೆಬ್ರಿ ಸುತ್ತಿ ಕೊಟ್ಟವರ ಮನೆಗೇ ಹಿಂದಿರುಗಿದಾಗ, ಇಷ್ಟು ಬಳಸಿದರೂ ಹೊಸತರಂತೆ ಉಂಟು ಎಂದು ಮನೆಯವರು ಸಂತೋಷಪಟ್ಟರು.

ಕಾರ್ಖಾನೆಯಲ್ಲಿ ಮಿತವ್ಯಯದ ಕ್ರಮಗಳು ಜಾರಿಯಾದವು. ಮೊದಲು ಮೋಟಾರನ್ನು ಕೈಬಿಡಲಾಯಿತು, ಆಮೇಲೆ ಪಾತ್ರೆಯನ್ನು. ಆದರೆ ಗಿರಾಕಿಗಳು ಪೆಟ್ಟಿಗೆಯನ್ನು ಎತ್ತಿ ನೋಡುತ್ತಿದ್ದುದರಿಂದ ಭಾರವನ್ನು ಕೈಬಿಡುವಂತಿರಲಿಲ್ಲ. ಕೊನೆಗೆ ಒಂದು ಮುರಕಲ್ಲು, ಅಂದರೆ ಈ ಕಡೆ ಗೋಡೆಗೆ ಇಡುವ ಕೆಂಪು ಕಲ್ಲು, ಒಳಗೆ ಇಟ್ಟು ಮುದ್ರೆ ಒತ್ತುವ ಏರ್ಪಾಡಾಯಿತು.

ಈ ಸುವ್ಯವಸ್ಥೆಯನ್ನು ಕೆಡಿಸಿದವರು ಮಾನಪ್ಪ. ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದಲ್ಲಿ ಕಟ್ಟಡದ ಮೇಸ್ತ್ರಿಯಾಗಿದ್ದರು. ಮನೆ ಕಟ್ಟಿಸಿಕೊಂಡ ಡಾಕ್ಟರೊಬ್ಬರು ಗೃಹಪ್ರವೇಶದ ದಿನ, ತಮಗೆ ಬಂದಿದ್ದ ಪೆಟ್ಟಿಗೆಯೊಂದನ್ನು ಅವರಿಗೆ ಕೊಟ್ಟಿದ್ದರು. ಊರಿನ ಪದ್ಧತಿ ತಿಳಿಯದ ಮಾನಪ್ಪ ಅದನ್ನು ತೆರೆದರು. ಹೆಂಡತಿ ಸೋಮವ್ವ ಅಕ್ಕಿ ನೆನೆಹಾಕಿ ಕಾದಿದ್ದರು. ಒಳಗಿನದನ್ನು ಇಬ್ಬರೂ ನೋಡಿದ ಮೇಲೆ, ಸೋಮವ್ವ ಅದನ್ನು ಬಚ್ಚಲ ಬಾಗಿಲಿಗೆ ಮೆಟ್ಟಿಲು ಮಾಡಿದರು.

ಸುದ್ದಿ ಹರಡಿತು. ಊರಿಗೆ ಊರೇ ಸಿಟ್ಟಾಯಿತು, ಮಾನಪ್ಪನ ಮೇಲೆ. ಚಾವಡಿಯ ಪೆಟ್ಟಿಗೆಗಳನ್ನು ಜನ ಅನುಮಾನದಿಂದ ನೋಡಿ, ತಕ್ಷಣ ಕಣ್ಣು ತಿರುಗಿಸಿಕೊಂಡರು. ತೆರೆದು ನೋಡಿ ಅಭಿಪ್ರಾಯ ಹೇಳುವುದು ಪೂರ್ವಗ್ರಹಕ್ಕೆ ದಾರಿ ಎಂದು ಅನಂತೇಶರು ಬರೆದರು. ಸೆಲೀನ್ ಬಾಯಿ ಮಾತ್ರ, ಪೆಟ್ಟಿಗೆಯ ವಾಸನೆ ಸರಿ ಇಲ್ಲ ಎಂದು ತಮ್ಮ ಅಧಿಕಾರದ ಮಿತಿಯಲ್ಲಿ ಪ್ರತಿಭಟಿಸಿದರು. ಕಡೆಗೆ ಅನಂತೇಶರೂ ಸುಂದರರೂ ಮೇಸ್ತ್ರಿಯ ಮನೆಗೆ ಹೋದರು. ಜಿಲ್ಲೆಯ ನೆಮ್ಮದಿ ನಿಮ್ಮ ಬಾಯಲ್ಲಿ ಉಂಟು ಎಂದು ಅನಂತೇಶರು ಕೈಮುಗಿದು ಹೇಳಿದರು.

"ಏನ್ ಹೇಳ್ಲಿ ಸರ್? ಗ್ರೈಂಡರಂತೂ ಒಳಗ ಇರ್ಲಿಲ್ರಿ."

"ಏನಿತ್ತು ಅಂತ ಹೇಳುವುದು ಬೇಡ. ಇದ್ದುದು ಹೇಗಿದೆ, ಅಷ್ಟು ಹೇಳಿ" ಎಂದರು ಸುಂದರ.

ಮಾನಪ್ಪ ಬಚ್ಚಲ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ನಿಂತು, ಹಿಮ್ಮಡಿಯಿಂದ ಒತ್ತಿ ನೋಡಿದರು. "ಕಲ್ಲು ಚಲೋ ಐತ್ರಿ" ಎಂದರು.

ಮರುದಿನ 'ಕಡೆದು ನೋಡಿದ್ದು' ಪುಟದ ನೆತ್ತಿಯಲ್ಲಿ, "ಕಲ್ಲು ಚೆನ್ನಾಗಿದೆ: ತೆರೆದು ನೋಡಿದ ಗ್ರಾಹಕ ಮಾನಪ್ಪ" ಎಂದು ಪ್ರಕಟವಾಯಿತು. ಗ್ರೈಂಡರಿಗೆ ಮುಖ್ಯವಾದದ್ದು ಕಲ್ಲೇ ಅಲ್ಲವೇ ಎಂದು ಜನ ಸಮಾಧಾನಗೊಂಡು, ಪೆಟ್ಟಿಗೆಗಳ ಧೂಳು ಒರೆಸಿದರು.

ಮುಂದಿನ ಮಾದರಿಯ ಬಿಡುಗಡೆಗೆ ಕಾಪುವಿನಲ್ಲಿ ಮಾನಪ್ಪನಿಗೆ ಮೊದಲ ಸಾಲಿನ ನಡುವಿನ ಕುರ್ಚಿ ಇಡಲಾಯಿತು. ಅನಂತೇಶರು ಎರಡನೆಯ ಸಾಲಿನಿಂದ ಅವರನ್ನು ಬಹಳ ಗೌರವದಿಂದ, ಸ್ವಲ್ಪ ಅಸೂಯೆಯಿಂದ ನೋಡಿದರು. ಮುದ್ರೆ ಒತ್ತಿದ ಹೊಸ ಪೆಟ್ಟಿಗೆಯನ್ನು ವೇದಿಕೆಯಲ್ಲಿ ಅವರ ಕೈಗೆ ಕೊಡಲಾಯಿತು. ಮಾನಪ್ಪ ಅದನ್ನು ಹೆಗಲಿಗೇರಿಸಿ, ಎರಡು ಸಲ ತೂಗಿ ನೋಡಿ, ಮೈಕಿನ ಬಳಿಗೆ ಬಗ್ಗಿದರು.

"ಇನ್ನ ಇಂಥಾವು ಒಂದು ಲಾರಿ ಕಳಸ್ರಿ," ಎಂದರು. "ಕಂಪೌಂಡ್ ಕಟ್ಟೋದೈತಿ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅನಂತೇಶರು ಎಲ್ಲರಿಗಿಂತ ಮೊದಲು ಎದ್ದು ನಿಂತಿದ್ದರು. ಒಬ್ಬನೇ ಗ್ರಾಹಕನಿಂದ ಒಂದು ಲಾರಿ ಗ್ರೈಂಡರಿಗೆ ಬೇಡಿಕೆ ಬಂದದ್ದು ಇದೇ ಮೊದಲೆಂದು ಕಂಪೆನಿ ಆ ಸಂಜೆಯೇ ಪ್ರಕಟಿಸಿತು.