ದವಾಖಾನೆಯ ಆರು ಮೀನು, ಮೂರು ಗಡಿಗೆ

ದವಾಖಾನೆಯಲ್ಲಿ ಕೆಲಸ ಮಾಡಿದವನು ನಗೆಯ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆಗೆಯುವ ಮೊದಲೇ ಅವು ಬಂದು ಕಟ್ಟೆಯ ಮೇಲೆ ಕೂತಿರುತ್ತವೆ. ಆದರೆ ನಡೆಯುವಾಗ ನಗು ಬರುವುದಿಲ್ಲ, ಬೆವರು ಬರುತ್ತದೆ. ಔಷಧದ ಬಾಟಲಿಗೆ ಅಂಟಿಸುವ ಚೀಟಿ ಬಿಟ್ಟರೆ ನಾನು ಈತನಕ ಏನನ್ನೂ ಬರೆದವನಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳುತ್ತೇನೆ. ತಿಳಿದವರು ಬೇಸರ ಮಾಡಿಕೊಳ್ಳಬಾರದು.

ಅದು ನಿಜಾಮರ ಕಾಲ. ಕುಷ್ಟಗಿ ಸೀಮೆಯ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ನಾನು ಹಂಗಾಮಿ ಕಂಪೌಂಡರ್. ಹಂಗಾಮಿ ಎಂದರೆ ಇವತ್ತು ಇದ್ದೇನೆ, ನಾಳೆಯದು ಗೊತ್ತಿಲ್ಲ ಎಂದರ್ಥ. ಕೊಪ್ಪಳದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಆದರೆ ಹೆಣ್ಣಿನ ತಂದೆ, "ನೌಕರಿ ಖಾಯಂ ಆದ ಹುಕುಂ ಕಾಗದ ತೋರಸ್ರಿ, ಆ ಮ್ಯಾಲೆ ಅಕ್ಕಿಕಾಳು" ಎಂದು ಕೂತಿದ್ದರು. ಅಕ್ಕಿಕಾಳು ಎಂದರೆ ಮದುವೆ.

ಇನ್ನು ರೋಗದ ವಿಷಯ. ಆ ಕಡೆ ನಾರುಹುಣ್ಣು ಭಾಳ. ಜನ ಮೆಟ್ಟಿಲ ಬಾವಿಯೊಳಗೆ ಇಳಿದು ನೀರು ತುಂಬುತ್ತಿದ್ದರು. ಆ ನೀರಿನಲ್ಲಿ ಕಂಡೂ ಕಾಣದಷ್ಟು ಸಣ್ಣ ಹುಳ ಇರುತ್ತವೆ. ಅವು ಹೊಟ್ಟೆಗೆ ಹೋದರೆ ವರ್ಷ ತುಂಬುವ ಹೊತ್ತಿಗೆ ಕಾಲಿನಿಂದ ನೂಲಿನಂಥ ಉದ್ದನೆಯ ಹುಳ ಹೊರಬರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಕು, ರೋಗ ಬರುವುದಿಲ್ಲ. ಇಷ್ಟನ್ನು ಹೇಳಿ ಹೇಳಿ ನಮ್ಮ ಡಾಕ್ಟರರ ಗಂಟಲು ಒಣಗಿತ್ತು. ಯಾರೂ ಸೋಸಲಿಲ್ಲ. ಕಾಣದ ಹುಳವನ್ನು ಕಣ್ಣಾರೆ ತೋರಿಸಬೇಕೆಂದು ಅವರು ಒಂದು ಗಾಜಿನ ಪೆಟ್ಟಿಗೆ ತರಿಸಿದರು. ಅದರಲ್ಲಿ ಮೀನು ಬಿಡುವುದು, ಬಾವಿಯ ನೀರು ಸುರಿಯುವುದು, ಮೀನು ಹುಳ ಹಿಡಿಯುವುದನ್ನು ಭೂತಗನ್ನಡಿಯಲ್ಲಿ ಜನರಿಗೆ ತೋರಿಸುವುದು. ಇದನ್ನೆಲ್ಲ ನೋಡಲು ರಾಯಚೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು.

"ನೋಡಪಾ," ಎಂದರು ಡಾಕ್ಟರರು. "ಸಾಹೇಬರು ಬರೂತನಕ ಮೀನು ಜೀವಂತ ಇರಬೇಕು, ನೀರು ಕನ್ನಡಿಯಂಗ ಇರಬೇಕು. ಇದ್ದರ ನಿನ್ನ ಖಾಯಂ ಮಾಡ್ರಿ ಅಂತ ನಾನ ಬಾಯಿ ಬಿಟ್ಟು ಕೇಳ್ತೀನಿ. ಒಂದು ಮೀನು ಸತ್ತರೂ ನಾ ಬಾಯಿ ಬಿಡಾಂವ ಅಲ್ಲ."

೧. ಮೋಟಾರಿನ ಬಾಯಾರಿಕೆ

ಮೀನು ತರಲು ನನ್ನನ್ನೇ ಗಂಗಾವತಿಗೆ ಕಳಿಸಿದರು. ಹೊಳೆದಂಡೆಯ ಬೆಸ್ತರು ಆರು ಸಣ್ಣ ಮೀನು ಹಿಡಿದು ಮಣ್ಣಿನ ಗಡಿಗೆಯಲ್ಲಿ ಹಾಕಿಕೊಟ್ಟರು. ತಾಮ್ರದ ಕೊಡ ಬೇಡ, ತಾಮ್ರ ಮೀನಿಗೆ ವಿಷ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೋಟಾರು ಬಸ್ಸು ಹತ್ತಿದೆ.

ಅರ್ಧ ದಾರಿಯಲ್ಲಿ ಇಂಜಿನ್ನು ಕುದ್ದು ಹಬೆ ಎದ್ದಿತು. ಮೋಟಾರು ನಿಂತಿತು. ಬೇಸಿಗೆಯ ಮಧ್ಯಾಹ್ನ, ಹತ್ತಿರ ಬಾವಿಯಿಲ್ಲ, ಹಳ್ಳ ಒಣಗಿದೆ. ಡ್ರೈವರ್ ಸುತ್ತಲೂ ನೋಡಿ ಕೊನೆಗೆ ನನ್ನ ಗಡಿಗೆಯ ಮೇಲೆ ಕಣ್ಣಿಟ್ಟ.

"ಆ ನೀರು ಕೊಡ್ರಿ."

"ಒಳಗ ಮೀನದಾವ್ರಿ. ಸರ್ಕಾರಿ ಮೀನು."

"ಮೀನು ಎಷ್ಟದಾವು?"

"ಆರು."

"ಮಂದಿ ಇಪ್ಪತ್ತು ಅದಾರ."

ಇಪ್ಪತ್ತೂ ಮಂದಿ ನನ್ನ ಕಡೆ ತಿರುಗಿದರು. ನಾನು ಗಡಿಗೆಯನ್ನು ಅಪ್ಪಿ ಹಿಡಿದೆ. ಅದರೊಳಗೆ ನನ್ನ ಮದುವೆಯೂ ಈಜುತ್ತಿತ್ತು ಎಂದು ಅವರಿಗೆ ಹೇಗೆ ಹೇಳಲಿ? ಕೊನೆಗೆ ಒಬ್ಬ ಮುದುಕಿ ನ್ಯಾಯ ಮಾಡಿದಳು: "ಅರ್ಧ ಮೀನಿಗೆ, ಅರ್ಧ ಮೋಟಾರಿಗೆ. ಏಳ್ರಿ ಇನ್ನ, ಬಿಸಲು ಭಾಳ ಆತು."

ಡ್ರೈವರ್ ತನ್ನ ರುಮಾಲು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಇಂಜಿನ್ನಿಗೆ ನೀರು ಹಾಕುವ ಡಬ್ಬಿಯ ಬಾಯಿಗೆ ಕಟ್ಟಿದ. ಒಂದೊಂದು ಬೊಗಸೆಯನ್ನೂ ಬೆಳಕಿಗೆ ಹಿಡಿದು ನೋಡಿ ಸುರಿದ. ಯಾಕೆಂದು ಕೇಳಿದೆ.

"ಹೊಲಸು ನೀರು ಹೋದರ ಒಳಗ ಕೆಡತೈತ್ರಿ," ಎಂದ.

ಹೀಗೆ ನಮ್ಮ ಸೀಮೆಯಲ್ಲಿ ಡಾಕ್ಟರರು ಹೇಳಿದಂತೆ ಸೋಸಿದ ನೀರನ್ನು ಮೊಟ್ಟಮೊದಲು ಕುಡಿದದ್ದು ಒಂದು ಮೋಟಾರು.

೨. ತೊಳೆದ ಇದ್ದಲಿ

ಮೂರನೆಯ ದಿನಕ್ಕೆ ಪೆಟ್ಟಿಗೆಯ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾನೂ ಅವುಗಳ ಎದುರು ನಿಂತು ಹಾಗೆಯೇ ಬಾಯಿ ಬಿಡುತ್ತಿದ್ದೆ.

ಸೋಸುವುದಕ್ಕೆ ಏನಾದರೂ ಬೇಕಾಗಿತ್ತು. ಔಷಧ ಸೋಸುವ ಕಾಗದ ನೋಡಿದೆ. ಒಂದು ಲೋಟ ಇಳಿಯಲು ಅರ್ಧ ತಾಸು ಹಿಡಿಯಿತು, ಎರಡನೆಯ ಲೋಟಕ್ಕೆ ಕಾಗದ ಹರಿಯಿತು. ಬಟ್ಟೆಯ ಚೀಲ ನೋಡಿದೆ. ಕಸ ನಿಂತಿತು, ನಾತ ನಿಲ್ಲಲಿಲ್ಲ. ಕೊನೆಗೆ ಡಾಕ್ಟರರು, "ಮೂರು ಗಡಿಗಿ ಇಡು" ಎಂದರು. ಅದು ಹೇಗೆಂದರೆ, ಕಟ್ಟಿಗೆಯ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಗಡಿಗೆ. ಪ್ರತಿಯೊಂದರ ತಳಕ್ಕೂ ಸಣ್ಣ ತೂತು. ಮೇಲಿನದರಲ್ಲಿ ಇದ್ದಲಿ, ನಡುವಿನದರಲ್ಲಿ ಮರಳು, ಕೆಳಗಿನದರಲ್ಲಿ ಹರಳು. ಪೆಟ್ಟಿಗೆಯ ಹೊಲಸು ನೀರನ್ನು ರಬ್ಬರ್ ನಳಿಗೆಯಿಂದ ಬಕೀಟಿಗೆ ಇಳಿಸಿ, ಮೇಲಿನ ಗಡಿಗೆಗೆ ಸುರಿದರೆ ಅದು ಮೂರನ್ನೂ ದಾಟಿ ಹನಿಹನಿಯಾಗಿ ಪೆಟ್ಟಿಗೆಗೆ ಬೀಳುತ್ತದೆ. ಎತ್ತರದಿಂದ ಬೀಳುವಾಗ ಗಾಳಿಯನ್ನೂ ಒಯ್ಯುತ್ತದೆ, ಮೀನಿಗೆ ಉಸಿರಾಗುತ್ತದೆ. ದವಾಖಾನೆಯಲ್ಲಿದ್ದ ರಬ್ಬರ್ ನಳಿಗೆ ಎನಿಮಾ ಕೊಡುವುದೊಂದೇ. ನಾವು ಬಳಸಿದ್ದು ಹೊಸದನ್ನು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಈಗ ದೊಡ್ಡವ್ವನ ವಿಷಯ ಹೇಳಬೇಕು. ಆಕೆ ದವಾಖಾನೆಯ ಆಯಾ, ಸಂಬಂಧದಲ್ಲಿ ನನ್ನ ತಾಯಿಗೆ ದೂರದ ಅಕ್ಕ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲಿ ಹಂಗಾಮಿ. ಕಸ, ಪಾತ್ರೆ, ಬಾಣಂತಿಯರು ಎಲ್ಲ ಆಕೆಯ ಪಾಲು. ಸೋಸುವುದನ್ನು ಮಾತ್ರ ಆಕೆ ಒಪ್ಪಿದವಳಲ್ಲ. "ನಮ್ಮಪ್ಪ ಸೋಸಲಾರದ ಕುಡದು ಎಂಬತ್ತು ವರ್ಷ ಬಾಳ್ಯಾನ. ನಿಮ್ಮ ಡಾಕ್ಟರ್ ಸೋಸಿ ಕುಡೀತಾನ, ಕೆಮ್ಮೂದ ನಿಂತಿಲ್ಲ" ಎನ್ನುತ್ತಿದ್ದಳು.

ಇದ್ದಲಿಯನ್ನು ಮಸಿ ಬಿಡದಂತೆ ತೊಳೆದು ಕೊಡು ಎಂದು ಆಕೆಗೆ ಹೇಳಿದೆ. ಬಹಳ ಹೊತ್ತಾದರೂ ಬರಲಿಲ್ಲ. ಇತ್ತ ಒಂದು ಮೀನು ವಾಲತೊಡಗಿತು. ಹಿತ್ತಲಿಗೆ ಓಡಿದೆ. ದೊಡ್ಡವ್ವ ಹುಣಸೆಹಣ್ಣು, ಬೂದಿ ಹಚ್ಚಿ ಒಂದೊಂದೇ ಇದ್ದಲಿಯನ್ನು ತಿಕ್ಕುತ್ತ ಕೂತಿದ್ದಳು. ಸುತ್ತ ನಾಲ್ಕು ಕೊಡ ಬರಿದಾಗಿದ್ದವು.

"ಏನು ದೊಡ್ಡವ್ವ ಇದು?"

"ನೋಡು ತಮ್ಮಾ," ಎಂದಳು ಬೆವರು ಒರೆಸಿಕೊಳ್ಳುತ್ತ. "ಎಷ್ಟು ತಿಕ್ಕಿದರೂ ಬೆಳ್ಳಗ ಆಗವಲ್ದು. ಅಂಗಡ್ಯಾಂವ ನಿನಗ ಹಳೇ ಮಾಲು ಕೊಟ್ಟಾನ."

೩. ಕೆಂಪು ಪುಡಿ

ತಿಂಗಳು ಕಳೆದ ಮೇಲೆ ಹನಿ ನಿಂತಿತು. ಟಪ್ ಟಪ್ ಸದ್ದು ಕಿವಿಗೆ ರೂಢಿಯಾಗಿದ್ದರಿಂದ ಅದು ನಿಂತ ಕೂಡಲೆ ನನ್ನ ಎದೆಯೂ ನಿಂತಂತಾಯಿತು. ಮರಳಿನ ಗಡಿಗೆಯಲ್ಲಿ ಕೆಸರು ಕಟ್ಟಿತ್ತು. ಪೆಟ್ಟಿಗೆಯದೇ ನೀರಿನಲ್ಲಿ ಒಮ್ಮೆ ಅಲುಬಿ ಹಾಕಿದ್ದರೆ ಮುಗಿಯುತ್ತಿತ್ತು. ಅದು ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಒಂದೇ: ದವಾಖಾನೆಯಲ್ಲಿ ಸ್ವಚ್ಛ ಎಂದರೆ ಗಾಯ ತೊಳೆಯುವ ಕೆಂಪು ಪುಡಿ. ಮರಳನ್ನು ಅದರಲ್ಲಿಯೇ ತೊಳೆದು ತುಂಬಿದೆ.

ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ನೋಡಲು ಬಹಳ ಚೆಂದವಿತ್ತು. ರೋಗಿಗಳೆಲ್ಲ ಬಂದು ನೋಡಿದರು. ಅಷ್ಟರಲ್ಲಿ ಎರಡು ಮೀನು ಅಂಗಾತ ಆದವು. ನಾನು ಕೈಯಲ್ಲಿದ್ದ ರೋಗಿಯ ಬಾಟಲಿ ಬಿಟ್ಟು, ಆರನ್ನೂ ಜಾಲರಿಯಲ್ಲಿ ಹಿಡಿದು ಬರಿ ನೀರಿನ ಬೋಗುಣಿಗೆ ಹಾಕಿದೆ. ಅವು ಹೊರಳಿ ಸರಿಯಾಗುವ ತನಕ ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ತಲೆ ಎತ್ತಿದರೆ ಡಾಕ್ಟರರು ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೈ ಚಾಚಿದರು.

"ಚೀಟಿ ಎಲ್ಲೈತಿ?"

"ಯಾವ ಚೀಟಿರೀ?"

"ಮೀನಿಗೆ ಔಷಧ ಕೊಟ್ಟೀಯಲ್ಲಪಾ. ನನ್ನ ಚೀಟಿ ಇಲ್ಲದ ಯಾವ ರೋಗಿಗೂ ಔಷಧ ಕೊಡಬಾರದಂತ ಹೇಳಿಲ್ಲೇನು?"

೪. ಅಜ್ಜನ ಹಟ

ಯಲಬುರ್ಗಾ ಕಡೆಯ ಒಬ್ಬ ಅಜ್ಜ ನಾರುಹುಣ್ಣಿನ ಕಾಲು ಎಳೆಯುತ್ತ ದಿನವೂ ಬರುತ್ತಿದ್ದ. ನಾನು ಪಟ್ಟಿ ಕಟ್ಟುವಷ್ಟು ಹೊತ್ತೂ ಅವನ ಕಣ್ಣು ಮೂರು ಗಡಿಗೆಗಳ ಮೇಲೆ. ಒಂದು ದಿನ ಕೇಳಿಯೇಬಿಟ್ಟ.

"ಆ ಹನಿ ಔಷಧ ನನಗೂ ಕೊಡ್ರಿ."

"ಅದು ಔಷಧ ಅಲ್ಲಜ್ಜಾ, ಮೀನಿನ ನೀರು. ಮೀನು ಉಚ್ಚಿ ಹೊಯ್ದದ್ದನ್ನ ಸೋಸತೀವಿ."

"ಸುಳ್ಳು ಹೇಳಬ್ಯಾಡ್ರಿ. ಮೀನಿಗೆ ಮೂರು ಗಡಿಗಿ ದಾಟಿಸಿ ತಿಳಿನೀರು ಕೊಡ್ತೀರಿ. ನನಗ ಬಣ್ಣ ಕಲಸಿದ ನೀರು ಬಾಟ್ಲಿ ತುಂಬಾ ಕೊಡ್ತೀರಿ. ಬಡವ ಅಂತ ಹಿಂಗ ಮಾಡ್ತೀರೇನು?"

ಒಳಗೆ ಹತ್ತಿ ತರಲು ಹೋಗಿ ಬರುವಷ್ಟರಲ್ಲಿ ಅಜ್ಜ ಕೆಳಗಿನ ಗಡಿಗೆಗೆ ಬಾಯಿ ಒಡ್ಡಿ ನಿಂತಿದ್ದ. ಹಿಡಿದು ಎಳೆಯುವಷ್ಟರಲ್ಲಿ ಒಂದು ಗುಟುಕು ಇಳಿದಿತ್ತು. ಭೇದಿಯಾಗಿ ಅಜ್ಜ ಸತ್ತರೆ ಖಾಯಂ ಆಗುವುದು ಹಾಗಿರಲಿ, ನಾನೇ ಜೈಲಿನಲ್ಲಿರುತ್ತೇನೆ. ರಾತ್ರಿಯೆಲ್ಲ ನಿದ್ದೆಯಿಲ್ಲ. ಮರುದಿನ ಅಜ್ಜ ಬಂದ. ಒಬ್ಬನೇ ಅಲ್ಲ, ಓಣಿಯ ಏಳು ಜನರನ್ನು ಕರೆತಂದಿದ್ದ, ಎಲ್ಲರ ಕೈಯಲ್ಲೂ ತಂಬಿಗೆ.

"ಭಾಳ ಛಲೋ ಔಷಧರಿ," ಎಂದ. "ಕಾಲು ಹಂಗ ಐತಿ. ಆದರ ಹಸಿವಿ ಜೋರಾಗೈತಿ."

೫. ತಪಾಸಣೆ

ಕೊನೆಗೆ ಸಾಹೇಬರು ಬರುವ ದಿನ ಬಂತು. ಆರೂ ಮೀನು ಬದುಕಿದ್ದವು. ನೀರು ಕನ್ನಡಿಯಂತಿತ್ತು. ಮೀನಿಗೆ ಹಸಿವಿರಲಿ ಎಂದು ಎರಡು ದಿನ ಏನೂ ಹಾಕಿರಲಿಲ್ಲ. ಮೆಟ್ಟಿಲ ಬಾವಿಯಿಂದ ಹೊಸ ನೀರು ತಂದು ಮೇಜಿನ ಮೇಲಿಡು ಎಂದು ದೊಡ್ಡವ್ವಗೆ ಹೇಳಿದೆ. ಊರಿನವರೆಲ್ಲ ಅಂಗಳದಲ್ಲಿ ಸೇರಿದ್ದರು.

ಸಾಹೇಬರು ಕುರ್ಚಿಯಲ್ಲಿ ಕೂತರು. ಡಾಕ್ಟರರು ಹುಳದ ವಿಷಯ ಹೇಳಿದರು. ನಾನು ಬಾವಿಯ ನೀರನ್ನು ಪೆಟ್ಟಿಗೆಗೆ ಸುರಿದೆ. ಸಾಹೇಬರು ಭೂತಗನ್ನಡಿ ಹಿಡಿದು ಬಾಗಿದರು. ಮೀನುಗಳು ಸುಮ್ಮನೆ ನಿಂತಿದ್ದವು. ಇನ್ನೊಂದು ಲೋಟ ಸುರಿದೆ. ಮೀನುಗಳು ಸಾಹೇಬರನ್ನೇ ನೋಡಿದವು. ಅವರು ಬಾವಿ ನೀರಿನ ಕೊಡಕ್ಕೇ ಕನ್ನಡಿ ಹಿಡಿದು ನೋಡಿ, ಉರ್ದುವಿನಲ್ಲಿ ಏನೋ ಕೇಳಿದರು. ಡಾಕ್ಟರರು ಬಿಳಿಚಿಕೊಂಡು ಅದನ್ನು ನನಗೆ ಕನ್ನಡದಲ್ಲಿ ಹೇಳಿದರು:

"ಹುಳ ಎಲ್ಲದಾವು ಅಂತ ಕೇಳ್ತಾರ."

ಮೂಲೆಯಿಂದ ದೊಡ್ಡವ್ವ ಮುಂದೆ ಬಂದಳು.

"ಸೋಸೀನ್ರಿ," ಎಂದಳು. "ರಾಯಚೂರಿನಿಂದ ಬಂದ ದೊಡ್ಡ ಮನುಷ್ಯಾರ ಮುಂದ ಹುಳ ಇರೂ ನೀರು ಹೆಂಗ ಇಡ್ಲಿ? ಸೀರಿ ಸೆರಗು ಮಡಚಿ ಎರಡ ಸಲ ಸೋಸೀನಿ. ಹುಳ ನಿಂತಾವ, ನೋಡ್ರಿ ಬೇಕಾದ್ರ." ಸೆರಗನ್ನು ಚಾಚಿದಳು.

ಸಾಹೇಬರು ಸೆರಗಿಗೆ ಕನ್ನಡಿ ಹಿಡಿದರು. ಹುಳ ಅಲ್ಲಿದ್ದವು. ಅಂಗಳದ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿದರು. ಅಷ್ಟು ದಿನ ಮೀನು ತೋರಿಸಲಾರದ್ದನ್ನು ಆಕೆಯ ಸೆರಗು ತೋರಿಸಿತು. ಈ ಸೀಮೆಯಲ್ಲಿ ಹೇಳಿದ್ದನ್ನು ಕೇಳಿ ನೀರು ಸೋಸಿದ ಮೊದಲ ವ್ಯಕ್ತಿಯನ್ನು ಕಂಡೆ ಎಂದು ಸಾಹೇಬರು ಹಿಗ್ಗಿ, ಅಲ್ಲಿಯೇ ಕಾಗದ ಬರೆಸಿದರು. ಈ ಆಯಾಬಾಯಿಯನ್ನು ಖಾಯಂ ಮಾಡತಕ್ಕದ್ದು. ಮೀನಿನ ಅಗತ್ಯವಿಲ್ಲ, ಬಾವಿಗೆ ಬಿಡತಕ್ಕದ್ದು. ಕಂಪೌಂಡರನ ವಿಚಾರ ಮುಂದಿನ ತಪಾಸಣೆಯಲ್ಲಿ ನೋಡತಕ್ಕದ್ದು.

ನಾನು ಬರಿದಾದ ಗಡಿಗೆಗಳ ಮುಂದೆ ಕೂತಿದ್ದೆ. ದೊಡ್ಡವ್ವ ಬಂದು ತಲೆಯ ಮೇಲೆ ಕೈಯಿಟ್ಟಳು.

"ಚಿಂತಿ ಬಿಡು ತಮ್ಮಾ. ಆ ಬೀಗರು ಹುಕುಂ ಕಾಗದ ನೋಡಬೇಕು ಅಂತಾರಲ್ಲ, ನಂದು ಒಯ್ದು ತೋರಸ್ತೀನಿ. ಹುಡುಗ ನನ್ನ ಕೈಕೆಳಗ ಅದಾನ ಅಂತ ಹೇಳ್ತೀನಿ."

ಹೇಳಿದಂತೆ ಕೊಪ್ಪಳಕ್ಕೆ ಹೋದಳು. ಬೀಗರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಮೊಹರು ಮುಟ್ಟಿ ನೋಡಿ, ಆಕೆಗೆ ಚಹಾ ತರಿಸಿ, ಹತ್ತಿರ ಸರಿದು ಕೇಳಿದರಂತೆ: "ಕಾಗದ ಭಾಳ ಛಲೋ ಐತಿ ಅಕ್ಕಾರ. ನಿಮಗ ಸ್ವಂತ ಮಗ ಇಲ್ಲೇನು?"

ದೊಡ್ಡವ್ವಗೆ ಇದ್ದವಳು ಮಗಳೊಬ್ಬಳೇ. ಹಾಗಾಗಿ ಕೊಪ್ಪಳದ ಹೆಣ್ಣಿನ ಜೊತೆ ನನ್ನದೇ ಮದುವೆ ಆಯಿತು.