ಸಾರು ಕುಡಿದು ಎದ್ದು ಹೋದವರು

ಅತಿಥಿಸತ್ಕಾರದಲ್ಲಿ ನಮ್ಮ ವಂಶವನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಮೈಸೂರಿನ ನಮ್ಮ ಮನೆಗೆ ಬಾಡಿಗೆ ವಸೂಲಿಗೆ ಬಂದವರು ಕೂಡ ಎಲೆ ಮುಂದೆ ಕೂತು, ತೇಗಿ, ಬಂದ ಕೆಲಸ ಮರೆತು ಹೋಗುತ್ತಿದ್ದರು. ಅಂಥ ಮನೆತನದ ಕುಡಿಯಾದ ನಾನು, ಎಪ್ಪತ್ತೆರಡರ ಅಕ್ಟೋಬರಿನಲ್ಲಿ, ಅಮೆರಿಕದ ಡೌನರ್ಸ್ ಗ್ರೋವಿನ ನಮ್ಮ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಘೋಷಿಸಿದೆ: "ಕೌಸಲ್ಯಾ, ಊಟದ ದಿನ ನಿನ್ನ ಅಮೆರಿಕನ್ ಗೆಳತಿಯರು ನಮ್ಮನೆಯಿಂದ ಏಳಲಾರದೆ ಏಳಬೇಕು. ಹಾಗೆ ಬಡಿಸ್ತೀನಿ!"

"ಅದೆಲ್ಲ ಬೇಡಿ," ಅಂದಳು ಕೌಸಲ್ಯಾ. "ನಮ್ಮ ಪಾಲಿಗೆ ಬಂದಿರೋದು ಸಾರು ಮಾತ್ರ. ಮಿಕ್ಕಿದ್ದು..."

"ಊಟದ ವಿಷಯ ನನಗೆ ಹೇಳಿಕೊಡಬೇಡ," ಅಂತ ಅವಳ ಮಾತನ್ನು ಅಲ್ಲೇ ಕತ್ತರಿಸಿದೆ. ಆ ಕತ್ತರಿಸಿ ಬಿದ್ದ ತುಂಡಿನಲ್ಲೇ ನನ್ನ ಮಾನ ಇತ್ತು ಅಂತ ಆಗ ಗೊತ್ತಾಗಲಿಲ್ಲ.

ಈ ಗೆಳತಿಯರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಕೌಸಲ್ಯಾ ಇಲ್ಲಿ ಎಂ.ಎಸ್. ಮಾಡುವಾಗ 'ಸೊರಾರಿಟಿ' ಅನ್ನುವ ಹುಡುಗಿಯರ ಸಂಘಕ್ಕೆ ಸೇರಿದ್ದಳು. ಹೆಸರು ಮೂರೇ ಗ್ರೀಕ್ ಅಕ್ಷರ. ಓದು ಮುಗಿಯಿತು, ಮದುವೆ ಆಯಿತು, ಸಂಘ ಮಾತ್ರ ಬಿಡಲಿಲ್ಲ. ಒಂದು ಸಲ ಸೇರಿದರೆ ಜನ್ಮಪೂರ್ತಿ ಅಕ್ಕತಂಗಿಯರಂತೆ. ತಿಂಗಳಿಗೊಮ್ಮೆ ಸೇರುತ್ತಾರೆ, ಕಾಫಿ ಕುಡಿಯುತ್ತಾರೆ, ಯಾರಿಗಾದರೂ ಸಹಾಯಕ್ಕೆ ಹಣ ಎತ್ತುತ್ತಾರೆ. ಅವರಿಗೊಂದು ಗುಟ್ಟಿನ ಹಾಡು, ಗುಟ್ಟಿನ ಕೈಕುಲುಕು ಬೇರೆ. ಏನದು ಅಂತ ಕೇಳಿದರೆ ಹೇಳಬಾರದಂತೆ. ಸಪ್ತಪದಿ ತುಳಿದ ಗಂಡನಿಗೂ ಹೇಳಬಾರದಂಥದ್ದು ಏನಿರುತ್ತೆ ಸ್ವಾಮಿ?

ಆ ವರ್ಷ ಕುರುಡು ಮಕ್ಕಳ ಶಾಲೆಗೆ ಅಂತ ಊಟ ಇಟ್ಟಿದ್ದರು. ಉಣ್ಣುವವರು ದುಡ್ಡು ಕೊಟ್ಟು ಉಣ್ಣಬೇಕು. ನಾಲ್ಕು ವರ್ಷದಿಂದ ಎಲ್ಲರ ಮನೆಗೆ ಹೋಗಿ ಬರುತ್ತಿದ್ದ ಕೌಸಲ್ಯಾಳಿಗೆ, ತನ್ನ ಮನೆಗೆ ಅವರೆಲ್ಲ ಬರುವುದು ಇದೇ ಮೊದಲು. ಪರದೆ ಒಗೆದಳು, ಸ್ಟೀಲ್ ಲೋಟ ಬೆಳಗಿದಳು, ತುಪ್ಪದ ದೀಪ ಹಚ್ಚಿ "ಇದೊಂದು ಸಲ ಸರಿಹೋಗಲಪ್ಪಾ" ಅಂತ ಕೈಮುಗಿದಳು. ಬಂದವರಿಗೆ ಬರೀ ಸಾರು ಕೊಟ್ಟು ಕಳಿಸಿದರೆ ಇವಳ ಮರ್ಯಾದೆ ಏನಾಗಬೇಕು?

ಅದಕ್ಕೆ ಅವಳಿಗೆ ಗೊತ್ತಿಲ್ಲದಂತೆ ಪಕ್ಕದೂರು ವುಡ್‌ರಿಡ್ಜಿನ ಗೆಳೆಯ ಸಂಗನಬಸಪ್ಪನ ಮನೆಗೆ ಹೋಗಿ, ಒಂದು ದೊಡ್ಡ ಪಾತ್ರೆ ಬಿಸಿಬೇಳೆಭಾತ್ ಮಾಡಿ, ಕಂಬಳಿ ಸುತ್ತಿ ತಂದು ಗರಾಜಿನಲ್ಲಿ ಬಚ್ಚಿಟ್ಟೆ.

ಸಂಜೆ ಹೆಂಗಸರು ಬಂದರು. ಕೌಸಲ್ಯಾ ಸಾರು ಕೊಟ್ಟಳು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ನಕ್ಕರು, ಮತ್ತೆ ಕುಡಿದರು. ಅವರ ಅಧ್ಯಕ್ಷೆ ಮಿಸೆಸ್ ಲಿಂಡ್‌ಕ್ವಿಸ್ಟ್ ಎರಡನೇ ಲೋಟಕ್ಕೆ ಕೈ ಚಾಚಿದರು. ಇದೇ ಸಮಯ ಅಂತ ನಾನು ಗರಾಜಿಗೆ ಹೋಗಿ, ಪಾತ್ರೆ ಬಿಚ್ಚಿ, ಒಗ್ಗರಣೆ ತಿರುವಿ, ತುಪ್ಪ ಸುರಿದು, ತಬ್ಬಿಕೊಂಡು ಒಳಗೆ ಬರುತ್ತೇನೆ, ಮನೆ ಖಾಲಿ! ಬಾಗಿಲಾಚೆ ಎಲ್ಲರೂ ಕೋಟು ಹಾಕಿಕೊಂಡು ಕಾರು ಹತ್ತುತ್ತಿದ್ದಾರೆ. ಕೊನೆಯ ಕಾರಿನಲ್ಲಿ ನನ್ನ ಹೆಂಡತಿ.

ನಮ್ಮ ಕಡೆ ಪಂಕ್ತಿಯಲ್ಲಿ ಒಬ್ಬ ಅರ್ಧಕ್ಕೆ ಎದ್ದು ಹೋದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಇಲ್ಲಿ ಇಡೀ ಪಂಕ್ತಿಯೇ ಎದ್ದು ಹೋಗಿತ್ತು, ಬಡಿಸುವವಳನ್ನೂ ಕರಕೊಂಡು! ಸಾರು ರುಚಿ ನೋಡಿದೆ. ಉಪ್ಪು ಸರಿಯಾಗಿತ್ತು. ಲೋಟಗಳಲ್ಲಿ ಕೂದಲು ಹುಡುಕಿದೆ, ಇರಲಿಲ್ಲ. ಸಂಗನಬಸಪ್ಪನಿಗೆ ಫೋನ್ ಮಾಡಿದೆ.

"ಇಂಗಿನ ವಾಸನಿಗೆ ಓಡ್ಯಾರ್ರೀ," ಅಂದ ಅವನು. ಆಮೇಲೆ ದನಿ ಇಳಿಸಿ, "ನಿಮ್ಮ ಮನಿಯವ್ರೂ ಹೋದ್ರು? ಹಂಗಾರ ಇದು ಮೊದಲ ಮಾತಾಡಿಕೊಂಡ ಕೆಲಸ. ಬೆನ್ನ ಹತ್ರೀ."

ಪಾತ್ರೆಗೆ ಮತ್ತೆ ಕಂಬಳಿ ಸುತ್ತಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಡ್ರೈವ್ ಮಾಡಿದೆ. ಒಂದು ಮೈಲಿ ಆಚೆ ಮಿಸೆಸ್ ಲಿಂಡ್‌ಕ್ವಿಸ್ಟ್ ಮನೆ ಮುಂದೆ ಆ ಕಾರುಗಳೆಲ್ಲ ನಿಂತಿದ್ದವು. ಕಿಟಕಿಯಲ್ಲಿ ನೋಡಿದರೆ ಎಲ್ಲರೂ ತಟ್ಟೆ ಹಿಡಿದು ಸೊಪ್ಪು ತಿನ್ನುತ್ತಿದ್ದಾರೆ. ನಮ್ಮ ಮನೆಯ ಊಟ ಬಿಟ್ಟು ಹಸಿ ಸೊಪ್ಪು! ಹಲ್ಲು ಕಡಿಯುತ್ತ ಕಾರಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೂ ಎದ್ದರು, ಮತ್ತೆ ಕಾರು ಹತ್ತಿದರು, ಇನ್ನೊಂದು ಮನೆಗೆ ನುಗ್ಗಿದರು. ಈಗ ನನ್ನ ಅನುಮಾನ ಗಟ್ಟಿಯಾಯಿತು. ಇದು ಯಾವುದೋ ವ್ರತವೇ ಇರಬೇಕು.

ಪಾತ್ರೆ ಕಾರಿನಲ್ಲಿ ಆರಿಹೋದೀತೆಂದು ಅದನ್ನೂ ತಬ್ಬಿಕೊಂಡು, ಆ ಮನೆಯ ಪೊದೆಯ ಹಿಂದೆ ಮೊಣಕಾಲೂರಿ ಕೂತು ಇಣುಕಿದೆ. ಎಲ್ಲರ ತಟ್ಟೆಯಲ್ಲೂ ಮಾಂಸ. ಕೌಸಲ್ಯಾಳ ತಟ್ಟೆಯಲ್ಲಿ ಒಂದೇ ಒಂದು ಬೆಂದ ಆಲೂಗಡ್ಡೆ. ಅದನ್ನೇ ಚೂರು ಚೂರು ಮಾಡಿಕೊಂಡು ನಗುನಗುತ್ತ ತಿನ್ನುತ್ತಿದ್ದಳು.

ಅಷ್ಟರಲ್ಲಿ ಬೆನ್ನ ಮೇಲೆ ಟಾರ್ಚ್ ಬೆಳಕು ಬಿತ್ತು. ನಾನು ಅವರನ್ನು ಅನುಮಾನಿಸುತ್ತಿದ್ದಾಗ ಎದುರು ಮನೆಯವರು ನನ್ನನ್ನು ಅನುಮಾನಿಸಿದ್ದರು. ಪೊಲೀಸಿನವನು ಪಾತ್ರೆಯಲ್ಲೇನಿದೆ ಅಂದ. ನಾನು ಅನ್ನ, ಬೇಳೆ, ಹುಣಸೆಹಣ್ಣು ಅಂತ ವಿವರಿಸಿದಷ್ಟೂ ಅವನ ಹುಬ್ಬು ಮೇಲೇರಿತು. ಕೊನೆಗೆ ನನ್ನನ್ನು ಆ ಮನೆಯ ಬಾಗಿಲಿಗೇ ನಡೆಸಿಕೊಂಡು ಹೋದ.

ಹೆಂಗಸರೆಲ್ಲ ಬಾಗಿಲಿಗೆ ಬಂದರು. ಮಿಸೆಸ್ ಲಿಂಡ್‌ಕ್ವಿಸ್ಟ್ ಪೊಲೀಸಿನವನಿಗೆ ಸಮಾಧಾನವಾಗಿ ಬಿಡಿಸಿ ಹೇಳಿದರು: ಇದೊಂದು ಸಂಚಾರಿ ಊಟ. ಒಂದು ಮನೆಯಲ್ಲಿ ಸೂಪು, ಇನ್ನೊಂದರಲ್ಲಿ ಸೊಪ್ಪು, ಮೂರನೆಯದರಲ್ಲಿ ಊಟ, ನಾಲ್ಕನೆಯದರಲ್ಲಿ ಸಿಹಿ. ಯಾರೊಬ್ಬರ ಮೇಲೂ ಭಾರ ಬೀಳಬಾರದು ಅಂತ ಈ ಏರ್ಪಾಡು. ಎಲ್ಲರ ಮನಸ್ಸು ಗೆದ್ದದ್ದು ಕೌಸಲ್ಯಾಳ ಸೂಪು ಅಂತಲೂ ಸೇರಿಸಿದರು. ಅವಳು ಗೆದ್ದಿದ್ದಳು, ನಾನು ಪೊದೆಯಿಂದ ಎದ್ದು ಬಂದಿದ್ದೆ. ಭೂಮಿ ಬಾಯಿ ಬಿಟ್ಟಿದ್ದರೆ ಪಾತ್ರೆ ಸಮೇತ ಇಳಿದುಬಿಡುತ್ತಿದ್ದೆ.

"ಹಾಗಾದರೆ ಈತನೂ ನಿಮ್ಮ ಊಟಕ್ಕೆ ಬಂದವನೇ?" ಅಂತ ಕೇಳಿದ ಪೊಲೀಸಿನವನು.

ಎಲ್ಲರೂ ಕೌಸಲ್ಯಾಳ ಕಡೆ ತಿರುಗಿದರು. ಅವಳು ನನ್ನ ಮೊಣಕಾಲಿನ ಮಣ್ಣಿನಿಂದ ಹಿಡಿದು ತಲೆಯ ಮೇಲಿನ ಎಲೆಯವರೆಗೂ ನಿಧಾನವಾಗಿ ನೋಡಿದಳು.

"ನಮ್ಮ ಯಜಮಾನರು," ಅಂದಳು. "ಆದರೆ ಇಲ್ಲಿಗೆ ಇವರನ್ನ ಯಾರೂ ಕರೆದಿಲ್ಲ."

ಆಮೇಲೆ ಹತ್ತಿರ ಬಂದು ಪಾತ್ರೆಯ ಮುಚ್ಚಳ ಎತ್ತಿದಳು. ಹಬೆ ಅವಳ ಮುಖಕ್ಕೆ ಹೊಡೆಯಿತು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. "ತುಪ್ಪ ಹಾಕಿದೀರಾ?" ಅಂತ ಕನ್ನಡದಲ್ಲಿ ಕೇಳಿದಳು. ಹಾಕಿದೀನಿ ಅಂತ ಗೋಣು ಆಡಿಸಿದೆ. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು, ಹೆಂಗಸರೆಲ್ಲ ಸರಿದು ದಾರಿ ಬಿಟ್ಟರು, ಬಾಗಿಲು ಮುಚ್ಚಿತು.

ಕರೆಯದೆ ಬಂದಿದ್ದು ನಾವಿಬ್ಬರೂ, ನಾನೂ ಪಾತ್ರೆಯೂ. ಒಳಗೆ ಜಾಗ ಸಿಕ್ಕಿದ್ದು ಪಾತ್ರೆಗೆ.